ಅಂಚಿಗೆ ಅಂಚು

ಒಳ್ಳೆಯ ನೇಲ್ ಕಟರನ್ನು ಮೊದಲು ಗುರುತಿಸುವುದು ಕಿವಿ. ಮೊಂಡಾದದ್ದು ‘ಟಕ್’ ಎನ್ನುತ್ತದೆ. ಆ ಸದ್ದಿನಲ್ಲಿ ಉಗುರು ತುಂಡಾದದ್ದಕ್ಕಿಂತ ಮುರಿದದ್ದೇ ಹೆಚ್ಚು ಕೇಳಿಸುತ್ತದೆ. ಚೂರು ಎತ್ತಲೋ ಸಿಡಿದು ಮಂಚದಡಿ ಸೇರುತ್ತದೆ, ಬೆರಳ ತುದಿ ಆಮೇಲೆ ಎರಡು ದಿನ ಸೆರಗಿನ ನೂಲನ್ನೋ ಹೊದಿಕೆಯ ಅಂಚನ್ನೋ ಹಿಡಿದೆಳೆಯುತ್ತಿರುತ್ತದೆ. ಹರಿತವಾದದ್ದು ‘ಚಿಕ್’ ಎಂದಷ್ಟೇ ಅಂದು ಸುಮ್ಮನಾಗುತ್ತದೆ. ಹೆಬ್ಬೆರಳು ಒತ್ತಿದ ಅರಿವಾಗುವ ಹೊತ್ತಿಗೆ ಒತ್ತುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಈ ಎರಡು ಸದ್ದುಗಳ ನಡುವಿನ ಅಂತರ ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಮೊಂಡು ಕಟರಿಗೆ ಮರಳಲು ಮನಸ್ಸೊಪ್ಪುವುದಿಲ್ಲ.

ನಮ್ಮ ಮನೆಗಳಲ್ಲಿ ಈಳಿಗೆಮಣೆಯನ್ನು ಆರಿಸಿ ತರುತ್ತಾರೆ. ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ, ಮಣೆ ಅಲುಗುತ್ತದೆಯೇ ಎಂದು ಕೂತು ಪರೀಕ್ಷಿಸುತ್ತಾರೆ. ಕುಡುಗೋಲಿಗೆ ಊರಿನ ಕಮ್ಮಾರನೇ ಆಗಬೇಕು ಎನ್ನುವವರು ಈಗಲೂ ಇದ್ದಾರೆ. ನೇಲ್ ಕಟರನ್ನು ಮಾತ್ರ ಯಾರೂ ಆರಿಸುವುದಿಲ್ಲ. ಅದು ಜಾತ್ರೆಯ ಅಂಗಡಿಯಿಂದಲೋ, ಬಸ್ ನಿಲ್ದಾಣದಲ್ಲಿ ಬಾಚಣಿಗೆ ಮಾರುವವನ ತಟ್ಟೆಯಿಂದಲೋ, ಯಾವುದೋ ಕೀ ಚೈನಿಗೆ ಜೋತುಬಿದ್ದೋ ಮನೆ ಸೇರಿರುತ್ತದೆ. ವಾರಕ್ಕೊಮ್ಮೆ ನಮ್ಮ ಮೈಯ ಅತಿ ಸೂಕ್ಷ್ಮ ಅಂಚಿಗೆ, ಮಾಂಸದಿಂದ ಕೂದಲೆಳೆಯಷ್ಟು ದೂರಕ್ಕೆ ಉಕ್ಕು ತರುವ ಸಲಕರಣೆ ಇದು. ಅದಕ್ಕೆ ಈ ಉದಾಸೀನ ಸಲ್ಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆರಿಸುವುದೇನೂ ಕಷ್ಟದ ವಿದ್ಯೆಯಲ್ಲ. ಕಟರನ್ನು ಕೈಗೆತ್ತಿಕೊಂಡು ಮೇಲಿನ ಹಿಡಿಯನ್ನು ಮೆಲ್ಲಗೆ ಒತ್ತಿ, ಎರಡು ಅಂಚುಗಳು ಆಗಷ್ಟೇ ಸೇರುವಂತೆ ಹಿಡಿಯಿರಿ. ಹಾಗೇ ಕಿಟಕಿಯ ಕಡೆಗೋ ಅಂಗಡಿಯ ಟ್ಯೂಬ್‌ಲೈಟಿನ ಕಡೆಗೋ ಎತ್ತಿ, ಮುಂಭಾಗದಿಂದ ನೋಡಿ. ಅಂಚುಗಳು ಕೂಡಿದ ಕಡೆ ಬೆಳಕಿನ ಒಂದು ಎಳೆಯೂ ಕಾಣಬಾರದು. ಕಳಪೆ ಕಟರಿನಲ್ಲಿ ಎರಡು ಮೂಲೆಗಳು ತಾಗಿ ನಡುವೆ ತೆಳುವಾದ ಬಿಳಿ ಗೆರೆ ಉಳಿದಿರುತ್ತದೆ, ಅಥವಾ ನಡು ತಾಗಿ ಮೂಲೆ ತೆರೆದಿರುತ್ತದೆ. ಆ ಗೆರೆ ಇರುವಷ್ಟು ಅಗಲಕ್ಕೆ ಅದು ಉಗುರನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಇನ್ನು ಪಕ್ಕದಿಂದ ನೋಡಿ. ಮೇಲಿನ ಅಂಚು ಕೆಳಗಿನದಕ್ಕಿಂತ ಮುಂದೆ ಚಾಚಿದೆಯೇ, ಹಿಂದೆ ಸರಿದಿದೆಯೇ? ಉಗುರ ತುದಿಯಿಂದ ಸವರಿದರೆ ಕಣ್ಣಿಗೆ ಕಾಣದ ಮೆಟ್ಟಿಲೂ ತಿಳಿಯುತ್ತದೆ. ಕೊನೆಗೆ ಎರಡು ತೋಳುಗಳನ್ನು ಬೆರಳಲ್ಲಿ ಹಿಡಿದು ಎಡಬಲಕ್ಕೆ ಅಲುಗಿಸಿ. ಕಡಕಡ ಅಲುಗುವುದನ್ನು ಅಲ್ಲೇ ಇಟ್ಟುಬನ್ನಿ.

ಅಂಚಿಗೆ ಅಂಚು ನೇರವಾಗಿ ಕೂಡುವ ಈ ಗುಣದಲ್ಲೇ ನೇಲ್ ಕಟರಿನ ಹೆಚ್ಚುಗಾರಿಕೆಯೆಲ್ಲ ಇದೆ. ಕತ್ತರಿಯಲ್ಲಿ ಎರಡು ಅಲಗುಗಳು ಒಂದರ ಪಕ್ಕ ಒಂದು ಜಾರಿಹೋಗುತ್ತವೆ, ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆದುಹೋಗುತ್ತದೆ. ಇಲ್ಲಿ ಎದುರುಬದುರಾಗಿ ಬಂದ ಎರಡು ಬೆಣೆಗಳು ಒಂದೇ ಗೆರೆಯ ಮೇಲೆ ಸೇರಬೇಕು, ಸೇರಿದ ಕೂಡಲೇ ನಿಲ್ಲಬೇಕು. ಕಮಾನಾಗಿ ಬಾಗಿದ ಎರಡು ಅಂಚುಗಳನ್ನು ಅಷ್ಟು ಕರಾರುವಾಕ್ಕಾಗಿ ಸಾಣೆ ಹಿಡಿಯುವುದು ಸಣ್ಣ ಕೆಲಸವಲ್ಲ.

ಇದರ ಒಳಗಿನ ಯುಕ್ತಿಯೂ ನೋಡಲು ಚೆಂದ. ಶಾಲೆಯಲ್ಲಿ ಓದಿದ ಸನ್ನೆಗಳನ್ನು ನೆನಪಿಸಿಕೊಳ್ಳಿ. ಮೇಲಿನ ಹಿಡಿ ಎರಡನೆಯ ವರ್ಗದ ಸನ್ನೆ, ಅಂದರೆ ನಮ್ಮ ಅಡಕತ್ತರಿಯ ಕುಲದ್ದು. ಆನಿಕೆ ಒಂದು ತುದಿಯಲ್ಲಿ, ಬಲ ಇನ್ನೊಂದು ತುದಿಯಲ್ಲಿ, ಭಾರ ನಡುವೆ. ನಾವು ಒತ್ತಿದ್ದನ್ನು ಅದು ಹಲವು ಪಟ್ಟು ಹೆಚ್ಚಿಸಿ ಕೆಳಕ್ಕೆ ದಾಟಿಸುತ್ತದೆ. ಕೆಳಗಿರುವ ಎರಡು ತೋಳುಗಳು ಮೂರನೆಯ ವರ್ಗದವು. ಅವು ಹಿಂತುದಿಯಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅಲ್ಲಿ ಕೀಲೂ ಇಲ್ಲ, ತಿರುಗುವ ಅಚ್ಚೂ ಇಲ್ಲ, ಉಕ್ಕಿನ ಬಳುಕೇ ಕೀಲಿನ ಕೆಲಸ ಮಾಡುತ್ತದೆ, ಸ್ಪ್ರಿಂಗಿನ ಕೆಲಸವನ್ನೂ ಅದೇ ಮಾಡುತ್ತದೆ. ಬೆರಳು ಬಿಟ್ಟ ಕೂಡಲೇ ಬಾಯಿ ತಾನಾಗಿ ತೆರೆದುಕೊಳ್ಳುವುದು ಅದರಿಂದ. ಎರಡು ತೋಳು, ಒಂದು ಹಿಡಿ, ಒಂದು ಪಿನ್ನು, ಇಷ್ಟರಲ್ಲಿ ಮುಗಿಯುವ ಇಂಥ ಇನ್ನೊಂದು ಸಲಕರಣೆ ಮನೆಯಲ್ಲಿ ಸಿಗುವುದು ಅಪರೂಪ. ಹಿಡಿಯನ್ನು ತಿರುಗಿಸಿ ಮಲಗಿಸಿದರೆ ಇಡೀ ಯಂತ್ರ ಚಪ್ಪಟೆಯಾಗಿ ಜೇಬಿಗೆ ಹೋಗುತ್ತದೆ ಎಂಬುದು ಮೇಲಿನ ಉಡುಗೊರೆ.

ಕತ್ತರಿಸಿಕೊಳ್ಳುವ ಉಗುರೂ ಸಾಮಾನ್ಯ ವಸ್ತುವಲ್ಲ. ಕೈಯುಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಷ್ಟರಲ್ಲೇ ಮೂರು ಪದರಗಳು ಪ್ಲೈವುಡ್ಡಿನ ಹಾಗೆ ಒತ್ತಾಗಿ ಕೂತಿವೆ. ನಡುವಿನ ಪದರವೇ ದಪ್ಪ. ಅದರ ಕೆರಟಿನ್ ಎಳೆಗಳು ಉಗುರಿಗೆ ಅಡ್ಡಲಾಗಿ, ಬೆರಳಿನ ಈ ಬದಿಯಿಂದ ಆ ಬದಿಗೆ ಹಾಸಿರುತ್ತವೆ. ಮೇಲೂ ಕೆಳಗೂ ಇರುವ ತೆಳು ಪದರಗಳಲ್ಲಿ ಎಳೆಗಳಿಗೆ ಒಂದೇ ದಿಕ್ಕೆಂಬುದಿಲ್ಲ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಂಶೋಧಕರು ಉಗುರಿನ ಚೂರುಗಳನ್ನು ಕತ್ತರಿಸಿ, ಎಷ್ಟು ಶಕ್ತಿ ಬೇಕಾಯಿತೆಂದು ಅಳೆದು ನೋಡಿದರು. ಅಡ್ಡಕ್ಕೆ ಸೀಳಲು ಬೇಕಾದದ್ದು ಉದ್ದಕ್ಕೆ ಸೀಳಲು ಬೇಕಾದದ್ದರ ಸುಮಾರು ಅರ್ಧ. ಉಗುರಿನ ತುದಿ ಎಲ್ಲಿಗಾದರೂ ತಾಗಿ ಸೀಳಿದರೆ ಆ ಸೀಳು ಬುಡದ ಮಾಂಸದ ಕಡೆಗೆ ಓಡದೆ ಪಕ್ಕಕ್ಕೆ ತಿರುಗಿಬಿಡುತ್ತದೆ. ಮೈ ತನ್ನನ್ನು ತಾನು ಕಾಯ್ದುಕೊಳ್ಳುವ ಬಗೆ ಇದು. ನೇಲ್ ಕಟರು ಕೂಡ ಈ ಅಡ್ಡ ದಿಕ್ಕಿಗೇ ಬಾಯಿ ಹಾಕುತ್ತದೆ, ಎಳೆಗಳು ದಾರಿ ಬಿಟ್ಟುಕೊಡುವ ಕಡೆಗೆ.

ಉಗುರು ಹೀಗೆ ಪದರ ಪದರವಾಗಿರುವುದಕ್ಕೇ ಹರಿತ ಇಷ್ಟು ಮುಖ್ಯ. ಕತ್ತರಿಸಿದ ಉಗುರಿನ ಚೂರೊಂದನ್ನು ಬಿಳಿ ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಮೊಂಡು ಕಟರು ಮಾಡಿದ ಗಾಯ ಮಾಸಲು ಬಿಳಿಯಾಗಿ, ಜಜ್ಜಿದ ಕಬ್ಬಿನ ತುದಿಯಂತೆ ಎಳೆಎಳೆಯಾಗಿ ಕಾಣುತ್ತದೆ, ಪದರಗಳು ಬಾಯಿಬಿಟ್ಟಿರುತ್ತವೆ. ಬೆರಳಲ್ಲಿ ಉಳಿದ ಭಾಗದ ಪಾಡೂ ಅದೇ. ನಾಲ್ಕು ದಿನ ಕಳೆದ ಮೇಲೆ ತುದಿ ಸುಲಿಯತೊಡಗುವುದು ಅಲ್ಲಿಂದ. ಹರಿತವಾದ ಅಂಚು ಹಾದುಹೋದ ಕಡೆ ಗೆರೆ ಸ್ವಚ್ಛವಾಗಿ, ಅರೆಪಾರದರ್ಶಕವಾಗಿ, ಸ್ವಲ್ಪ ಹೊಳಪಿನಿಂದಲೇ ಇರುತ್ತದೆ.

ಈ ಸಲಕರಣೆಗೆ ಅಂಥ ದೀರ್ಘ ಚರಿತ್ರೆಯಿಲ್ಲ. ನಮ್ಮಲ್ಲಿ ಬಹುಕಾಲ ಉಗುರು ತೆಗೆಯುತ್ತಿದ್ದವನು ಕ್ಷೌರಿಕನೇ. ಅವನ ಚೀಲದಲ್ಲಿ ಅದಕ್ಕೆಂದೇ ಚಪ್ಪಟೆ ಮೊನೆಯ ಪುಟ್ಟ ಉಳಿಯಿರುತ್ತಿತ್ತು. ಬೆರಳನ್ನು ಹಿಡಿದು, ಉಗುರಿನ ಅಂಚನ್ನು ಸುರುಳಿ ಸುರುಳಿಯಾಗಿ ತೆಗೆಯುವ ಆ ಕೈಚಳಕ ಬಲ್ಲವರು ಈಗ ವಿರಳ. ಉಗುರಿಗೆಂದೇ ಮಾಡಿದ ಸಲಕರಣೆಗಳ ಪೇಟೆಂಟುಗಳು ಅಮೆರಿಕದಲ್ಲಿ 1875ರಿಂದ ಕಾಣಿಸಿಕೊಳ್ಳುತ್ತವೆ. ಎರಡು ದವಡೆ ಕೂಡುವ, ನಾವು ಇವತ್ತು ಕಂಡರೆ ಗುರುತಿಸಬಹುದಾದ ಬಗೆಗೆ 1881ರಲ್ಲಿ ಸಿನ್ಸಿನಾಟಿಯ ಯೂಜೀನ್ ಹೈಮ್ ಮತ್ತು ಅವನ ಜೊತೆಗಾರ ಪೇಟೆಂಟು ಪಡೆದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕನೆಕ್ಟಿಕಟ್ ರಾಜ್ಯದ ಆನ್ಸೋನಿಯಾ ಊರಿನಿಂದ ‘ಜೆಮ್’ ಎಂಬ ಕಟರು ಜೇಬುಗಳನ್ನು ಸೇರಿತು. ಆದರೆ ನನ್ನ ಮೆಚ್ಚುಗೆ ಹೆಚ್ಚು ಸಲ್ಲುವುದು ಅದೇ ರಾಜ್ಯದ ವಿಲಿಯಂ ಬ್ಯಾಸೆಟ್ಟನಿಗೆ. 1947ರ ಅವನ ‘ಟ್ರಿಮ್’ ಕಟರಿನಲ್ಲಿ ಹೊಸ ತತ್ವವೇನೂ ಇಲ್ಲ, ಮೂರು ಸಣ್ಣ ತಿದ್ದುಪಡಿಗಳಿವೆ. ತೋಳುಗಳು ಪಕ್ಕಕ್ಕೆ ಸರಿಯದಂತೆ ಉಗುರುಜ್ಜುವ ಅರದ ಬುಡದ ಹತ್ತಿರ ಎರಡು ಪುಟ್ಟ ಉಬ್ಬುಗಳನ್ನು ಇಟ್ಟ. ಚುಚ್ಚಿ ಕೂರಿಸುತ್ತಿದ್ದ ಪಿನ್ನಿನ ಬದಲು ಕಚ್ಚು ತೆಗೆದ ಪಿನ್ನು ತಂದ. ಹಿಡಿಗೆ ಹೆಬ್ಬೆರಳು ಕೂರುವಂಥ ಬಾಗು ಕೊಟ್ಟ. ನಿಮ್ಮ ಮನೆಯ ಕಟರನ್ನು ತಿರುಗಿಸಿ ನೋಡಿ, ಈ ಮೂರರಲ್ಲಿ ಎರಡಾದರೂ ಅದರಲ್ಲಿ ಕಂಡಾವು. ಎಪ್ಪತ್ತು ವರ್ಷ ದಾಟಿದರೂ ಯಾರೂ ಅವನ್ನು ಬಿಡುವ ಗೋಜಿಗೆ ಹೋಗಿಲ್ಲ.

ಜಾತ್ರೆಯ ಕಟರಿಗೆ ಸಣ್ಣ ಚಾಕು, ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ, ಕಿವಿಗುಗ್ಗೆ ತೆಗೆಯುವ ಕಡ್ಡಿ ಎಲ್ಲ ಜೋಡಿಸಿರುತ್ತಾರೆ. ಚಿಕ್ಕಂದಿನಲ್ಲಿ ಅದೊಂದು ಖಜಾನೆ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದರ ಮೇಲೊಂದು ತಗಡು ಪೇರಿಸಿದಷ್ಟೂ ತೋಳುಗಳ ಬಳುಕು ಕೆಡುತ್ತದೆ, ನೀರು ನಿಲ್ಲುವ ಸಂದುಗಳು ಹೆಚ್ಚುತ್ತವೆ. ಉಗುರು ತೆಗೆಯಲು ಕೊಳ್ಳುವುದಾದರೆ ಉಗುರನ್ನಷ್ಟೇ ತೆಗೆಯುವುದನ್ನು ಕೊಳ್ಳಿ. ಒಂದು ಅರ ಇದ್ದರೆ ಸಾಕು. ಅದೂ ಅಚ್ಚೊತ್ತಿದ ಒರಟು ಗೀರುಗಳಲ್ಲದೆ ನಯವಾದ ಅಡ್ಡಗೆರೆಗಳ ಅರವಾಗಿರಲಿ.

ನಮ್ಮಲ್ಲಿ ಸಿಗುವವುಗಳಲ್ಲಿ ಕೊರಿಯಾದ ‘777’ ನಂಬಬಹುದಾದದ್ದು. ಬೆಲೆಯೂ ಕೈಗೆಟುಕುತ್ತದೆ. ಆದರೆ ಇದನ್ನು ಒಂದು ಕಲೆಯ ಮಟ್ಟಕ್ಕೆ ಒಯ್ದವರು ಜಪಾನೀಯರು. ಗಿಫು ಪ್ರಾಂತದ ಸೆಕಿ ಊರಿನಲ್ಲಿ ನೂರಾರು ವರ್ಷಗಳ ಹಿಂದೆಯೇ ಖಡ್ಗದ ಕಮ್ಮಾರರು ನೆಲೆಸಿದ್ದರು. ಖಡ್ಗದ ಕಾಲ ಮುಗಿದ ಮೇಲೂ ಆ ಊರು ಅಲಗಿನ ಕಸುಬನ್ನು ಬಿಡಲಿಲ್ಲ. ಅಡುಗೆ ಚಾಕು, ಕ್ಷೌರದ ಬ್ಲೇಡು, ಕತ್ತರಿ, ನೇಲ್ ಕಟರು ಎಲ್ಲ ಅಲ್ಲಿ ತಯಾರಾಗುತ್ತವೆ. ಇಂಥ ಅಲಗುಗಳನ್ನು ಮಾಡುವ ಕಾಯ್ ಕಂಪನಿ 1908ರಲ್ಲಿ ಹುಟ್ಟಿದ್ದೂ ಅಲ್ಲೇ. ಅಲ್ಲಿನ ಹಲವು ಕಟರುಗಳಲ್ಲಿ ಎರಡೂ ಬದಿ ಮುಚ್ಚಿ ಚೂರುಗಳನ್ನು ಒಳಗೇ ಹಿಡಿದಿಟ್ಟುಕೊಳ್ಳುವ ಪುಟ್ಟ ತೊಟ್ಟಿಯಿರುತ್ತದೆ. ಮುಗಿದ ಮೇಲೆ ಕಸದ ಬುಟ್ಟಿಗೆ ಕೊಡವಿದರಾಯಿತು. ಚೂರು ಮನೆಯೊಳಗೆ ಬಿದ್ದರೆ ಗದರುವ ಹಿರಿಯರಿರುವ ಮನೆಗೆ ಹೇಳಿ ಮಾಡಿಸಿದ್ದು.

ಇನ್ನೊಂದು ಬಗೆ ಇಕ್ಕಳದಂಥದ್ದು. ನೀಗಾಟ ಪ್ರಾಂತದ ಸಾನ್ಜೊ ಊರಿನ ಸುವಾಡ ಕಾರ್ಖಾನೆ 1926ರಿಂದ ಈ ಕಸುಬಿನಲ್ಲಿದೆ. ಬೊನ್ಸಾಯ್ ಗಿಡದ ಕೊಂಬೆ ಕತ್ತರಿಸುವ ಇಕ್ಕಳಗಳನ್ನೂ ಅವರು ಮಾಡುತ್ತಾರೆ. ಉಕ್ಕನ್ನು ಕೆಂಪಗೆ ಕಾಯಿಸಿ, ಬಡಿದು ರೂಪ ಕೊಟ್ಟು, ಅಂಚುಗಳನ್ನು ಕೆಲಸಗಾರರು ಕೈಯಲ್ಲೇ ಉಜ್ಜಿ ಒಂದಕ್ಕೊಂದು ಕೂಡಿಸುತ್ತಾರೆ. ಬೆಳಕಿಗೆ ಎತ್ತಿ ನೋಡಿ, ಉಜ್ಜಿ, ಮತ್ತೆ ಎತ್ತಿ ನೋಡುವ ಕೆಲಸ ಅದು. ಬೆಲೆ ಕೇಳಿದರೆ ನಮ್ಮ ಜಾತ್ರೆಯ ಕಟರುಗಳು ಒಂದು ಗೋಣಿ ಬಂದಾವು. ಆದರೂ ಅಂಥದ್ದನ್ನು ಹಿಡಿದವರ ಅಂಗೈಗೆ ಅದರ ತೂಕ ಮರೆಯುವುದಿಲ್ಲ. ಹೆಬ್ಬೆರಳು ಒಂದು ತಗಡನ್ನು ಕುಟುಕುವ ಬದಲು ಇಡೀ ಅಂಗೈ ಮುಚ್ಚಿಕೊಳ್ಳುತ್ತದೆ, ಅಂಚು ಎಲ್ಲಿ ಕಚ್ಚುತ್ತಿದೆ ಎಂಬುದು ಕಣ್ಣಿಗೆ ನೇರವಾಗಿ ಕಾಣುತ್ತದೆ. ವಯಸ್ಸಾದವರ ದಪ್ಪ ಕಾಲುಗುರುಗಳಿಗೆ ಇಕ್ಕಳದ ಬಗೆಯೇ ಸರಿ. ಸುವಾಡದ್ದೇ ಆಗಬೇಕೆಂದಿಲ್ಲ, ಅಂಚು ಕೂಡುವ ಯಾವುದಾದರೂ ಆದೀತು.

ಮನೆಗೆ ಕಡಿಮೆಯೆಂದರೆ ಎರಡು ಬೇಕು. ಕೈಗೆ ಚಿಕ್ಕದು, ಅಂಚು ಒಳಕ್ಕೆ ಬಾಗಿದ್ದು. ಕಾಲಿಗೆ ದೊಡ್ಡದು, ಬಾಯಿ ಅಗಲವಾಗಿ ತೆರೆಯುವಂಥದ್ದು, ಅಂಚು ನೇರವಾಗಿದ್ದು ಅಥವಾ ಬಾಗಿಯೂ ಬಾಗದ ಹಾಗಿದ್ದು. ಕಾಲಿನ ಉಗುರನ್ನು ನೇರಕ್ಕೇ ಕತ್ತರಿಸಬೇಕು. ಬದಿಗಳನ್ನು ದುಂಡಗೆ ಒಳಕ್ಕೆ ತೆಗೆದರೆ ಉಗುರು ಮಾಂಸದೊಳಕ್ಕೆ ಬೆಳೆದು, ಚಪ್ಪಲಿ ಮೆಟ್ಟುವುದೇ ಕಷ್ಟವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಈ ಕೆಲಸವನ್ನು ವೈದ್ಯರ ಸಲಹೆಯಂತೆ, ಕಣ್ಣು ಚುರುಕಾದ ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಳ್ಳುವುದು ಒಳ್ಳೆಯದು. ಹಾಲುಗಲ್ಲದ ಕೂಸಿಗೆ ಕಟರಿಗಿಂತ ತುದಿ ದುಂಡಾದ ಪುಟ್ಟ ಕತ್ತರಿ ಲೇಸು, ಮಗು ನಿದ್ದೆಯಲ್ಲಿರುವಾಗ.

ಕತ್ತರಿಸಲು ಒಳ್ಳೆಯ ಹೊತ್ತು ಸ್ನಾನ ಮುಗಿದು ಉಗುರು ಮೆತ್ತಗಾದಾಗ. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ರಾತ್ರಿ ಉಗುರು ಕತ್ತರಿಸಿದವನಿಗೆ ತಂದೆತಾಯಿಯ ಕೊನೆಗಾಲದಲ್ಲಿ ಹತ್ತಿರವಿರುವ ಭಾಗ್ಯವಿಲ್ಲ ಎಂಬ ನಂಬಿಕೆ ಜಪಾನಿನಲ್ಲೂ ಇದೆ. ಎಣ್ಣೆದೀಪದ ಕಾಲಕ್ಕೆ ಈ ನಂಬಿಕೆಗಳು ಎಷ್ಟು ಬೆರಳುಗಳನ್ನು ಉಳಿಸಿರಬಹುದು! ಹಗಲ ಬೆಳಕಿನಲ್ಲಿ, ಕೆಳಗೊಂದು ಹಳೆಯ ಪತ್ರಿಕೆ ಹಾಸಿಕೊಂಡು, ಅವಸರವಿಲ್ಲದೆ ಕೂರುವುದೇ ಸರಿ. ಇಡೀ ಉಗುರನ್ನು ಒಂದೇ ಕಚ್ಚಿಗೆ ತೆಗೆಯುವ ಆಸೆ ಬೇಡ. ಬಾಗಿದ ಉಗುರನ್ನು ಕಟರು ಚಪ್ಪಟೆ ಮಾಡಿ ಒತ್ತಿದಾಗಲೇ ಅದು ಸೀಳುವುದು. ಒಂದು ಬದಿಯಿಂದ ಶುರುಮಾಡಿ ಮೂರು ನಾಲ್ಕು ಸಣ್ಣ ಕಚ್ಚುಗಳಲ್ಲಿ ಇನ್ನೊಂದು ಬದಿಗೆ ಹೋಗಿ. ಬಿಳಿಯ ಅಂಚನ್ನು ಪೂರ್ತಿ ತೆಗೆಯದೆ ಒಂದು ಗೆರೆಯಷ್ಟು ಉಳಿಸಿ. ತೀರ ಬುಡಕ್ಕೆ ಕತ್ತರಿಸಿದ ಕಡೆ ಉಗುರುಸುತ್ತಿಗೆ ಬಾಗಿಲು ತೆರೆದಂತೆ. ಉಳಿದ ಮೂಲೆಗಳನ್ನು ಅರದಿಂದ ಒಂದೇ ದಿಕ್ಕಿಗೆ ಉಜ್ಜಿ. ಹಿಂದಕ್ಕೂ ಮುಂದಕ್ಕೂ ಗರಗಸದಂತೆ ಆಡಿಸಿದರೆ ಹರಿತ ಕಟರು ಉಳಿಸಿಕೊಟ್ಟ ಪದರಗಳನ್ನು ಅರವೇ ಬಿಡಿಸಿಬಿಡುತ್ತದೆ.

ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧದಷ್ಟು. ನಡುಬೆರಳಿನದು ಎಲ್ಲಕ್ಕಿಂತ ಮುಂದೆ. ಅಮೆರಿಕದ ವೈದ್ಯ ವಿಲಿಯಂ ಬೀನ್ 1941ರಲ್ಲಿ ತನ್ನ ಎಡಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಗೆರೆ ಎಳೆದು, ಅದು ತುದಿಗೆ ಬರಲು ಎಷ್ಟು ದಿನವಾಯಿತೆಂದು ಬರೆದಿಡಲು ಆರಂಭಿಸಿದ. ಪ್ರತಿ ತಿಂಗಳೂ ಹೊಸ ಗೆರೆ. ಹೀಗೆ 35 ವರ್ಷ. 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು 67ನೇ ವಯಸ್ಸಿಗೆ 0.095ಕ್ಕೆ ಇಳಿದಿತ್ತು. ಯಾವ ಉಪಕರಣವೂ ಬೇಡದ, ತಾಳ್ಮೆಯೊಂದನ್ನೇ ಬೇಡುವ ಈ ಅಧ್ಯಯನವನ್ನು ನೆನೆದಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ.

ಉಗುರಿನ ಹದ ಅಂದರೆ ಏನೆಂದು ಸಂಗೀತಗಾರರನ್ನು ಕೇಳಬೇಕು. ವೀಣೆಯನ್ನು ಲೋಹದ ಮೀಟಿನಿಂದ ನುಡಿಸುವವರೂ ಇದ್ದಾರೆ, ಬರಿಯ ಉಗುರಿನಿಂದ ಮೀಟುವವರೂ ಇದ್ದಾರೆ. ಉಗುರಿನವರಿಗೆ ಅರ ಕೂಡ ಶ್ರುತಿಪೆಟ್ಟಿಗೆಯಷ್ಟೇ ಅಗತ್ಯದ್ದು. ಸರೋದಿನ ಕಥೆ ಇನ್ನೂ ಸೂಕ್ಷ್ಮ. ಅದಕ್ಕೆ ವೀಣೆಗಿರುವಂಥ ಮೆಟ್ಟಿಲುಗಳಿಲ್ಲ, ನುಣುಪಾದ ಲೋಹದ ಫಲಕ ಮಾತ್ರ. ಮೈಸೂರಿನಲ್ಲಿದ್ದು 2024ರಲ್ಲಿ ತೀರಿಕೊಂಡ ರಾಜೀವ ತಾರಾನಾಥರ ಸರೋದನ್ನು ಕೇಳಿದವರಿಗೆ ಸ್ವರದಿಂದ ಸ್ವರಕ್ಕೆ ಜಾರುವ ಆ ಉದ್ದನೆಯ ಮೀಂಡುಗಳು ನೆನಪಿರುತ್ತವೆ. ಸರೋದಿನಲ್ಲಿ ತಂತಿಯನ್ನು ಒತ್ತಿ ಜಾರಿಸುವಲ್ಲಿ ಎಡಗೈ ಉಗುರಿನ ಅಂಚಿಗೇ ದೊಡ್ಡ ಪಾಲು. ಒತ್ತಿ ಒತ್ತಿ ತಂತಿ ಉಗುರಿನಲ್ಲಿ ಕಾಲುವೆ ಕೊರೆಯುತ್ತದೆ. ಅದನ್ನು ಮತ್ತೆ ಮತ್ತೆ ಅರದಿಂದ ಸಮ ಮಾಡಿಕೊಳ್ಳದಿದ್ದರೆ ನಾದದಲ್ಲಿ ಅಪಸ್ವರದ ಗರಗರ ಸೇರುತ್ತದೆ. ಅಂಥ ಬೆರಳಿಗೆ ಮೊಂಡು ಕಟರು ತಾಗಿಸುವ ಮಾತೇ ಇಲ್ಲ.

ಇನ್ನು ಜೋಪಾನ. ನೇಲ್ ಕಟರಿನ ದೊಡ್ಡ ಶತ್ರು ಬಚ್ಚಲುಮನೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಸಾಬೂನಿನ ಪಕ್ಕ ಇಟ್ಟರೆ ಮಳೆಗಾಲ ಮುಗಿಯುವುದರೊಳಗೆ ತುಕ್ಕು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಇದನ್ನು ಹೇಳಿಕೊಡಬೇಕಿಲ್ಲ. ಸಾಮಾನ್ಯ ಕಟರು ಕಾರ್ಬನ್ ಉಕ್ಕಿನದು, ಮೇಲೆ ನಿಕ್ಕಲ್ ಅಥವಾ ಕ್ರೋಮಿಯಂ ಲೇಪ. ಲೇಪ ಸವೆಯುವುದು ಎರಡು ಕಡೆ, ಅಂಚಿನಲ್ಲಿ ಮತ್ತು ಪಿನ್ನು ತೂರುವ ತೂತಿನಲ್ಲಿ. ಮೊದಲ ಕಂದು ಚುಕ್ಕೆ ಏಳುವುದೂ ಅಲ್ಲೇ. ಸ್ಟೇನ್‌ಲೆಸ್ ಸ್ಟೀಲಿನದು ತುಕ್ಕನ್ನು ಬಹುಮಟ್ಟಿಗೆ ತಡೆಯುತ್ತದೆ. ಹಾಗೆಂದು ಒದ್ದೆಯಲ್ಲೇ ಬಿಟ್ಟರೆ ಅದರ ತಾಳ್ಮೆಗೂ ಮಿತಿಯಿದೆ. ಉಗುರು ತೆಗೆದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚಿನ ಒಳಗಿನ ಪುಡಿಯನ್ನೂ ಅರದ ಗೆರೆಗಳನ್ನೂ ಉಜ್ಜಿ, ಸಾಬೂನು ನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಸ್ವಲ್ಪ ಹೊತ್ತು ಇಡಿ. ಆಮೇಲೆ ಬೀರುವಿನ ಒಣ ಮೂಲೆಗೆ.

ತಿಂಗಳಿಗೊಮ್ಮೆ ಪಿನ್ನಿನ ತಲೆಗೆ, ಹಿಡಿ ಅದರ ಮೇಲೆ ತಿರುಗುವ ಜಾಗಕ್ಕೆ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ತೊಟ್ಟಿಕ್ಕಿಸಬೇಡಿ, ಕಡ್ಡಿಯ ತುದಿಯಿಂದ ಮುಟ್ಟಿಸಿದರೆ ಸಾಕು. ಕೊಬ್ಬರಿ ಎಣ್ಣೆ ಕೈಗೆ ಸುಲಭವಾಗಿ ಸಿಗುತ್ತದೆಂದು ಅದನ್ನು ಹಾಕುವವರಿದ್ದಾರೆ. ಅದು ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಎಣ್ಣೆ ಕುಡಿದ ಕಟರಿನ ಹಿಡಿ ತಿರುಗುವ ನಯವನ್ನು ಬೆರಳೇ ಹೇಳುತ್ತದೆ.

ಒಬ್ಬರ ಕಟರು ಇನ್ನೊಬ್ಬರಿಗೆ ಬೇಡ ಎಂಬುದನ್ನು ಮನೆಯಲ್ಲಿ ಜಾರಿಗೆ ತರುವುದು ಕಷ್ಟ, ಆದರೂ ತರಬೇಕು. ಉಗುರಿನ ಶಿಲೀಂಧ್ರ ಸೋಂಕು ಬಂದರೆ ಬೇಗ ಹೋಗುವಂಥದ್ದಲ್ಲ. ಕಾಲುಗುರು ಬುಡದಿಂದ ತುದಿಯವರೆಗೆ ಹೊಸದಾಗಿ ಬೆಳೆಯಲು ಒಂದು ವರ್ಷ, ಒಂದೂವರೆ ವರ್ಷವೇ ಹಿಡಿಯುತ್ತದೆ, ಅಲ್ಲಿಯವರೆಗೂ ಅದರ ಗುರುತು ಉಳಿಯುತ್ತದೆ. ಹಂಚಿಕೊಳ್ಳಲೇಬೇಕಾದರೆ ತೊಳೆದ ಮೇಲೆ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅಂಚುಗಳನ್ನು ಚೆನ್ನಾಗಿ ಒದ್ದೆ ಮಾಡಿ ತಾನಾಗಿ ಆರಲು ಬಿಡಿ. ಕಾಲಿನ ಕಟರನ್ನು ಕೈಗೆ ತರಬೇಡಿ.

ಮೊಂಡಾದ ಕಟರನ್ನು ಹರಿತ ಮಾಡಬಹುದೇ? ಸ್ಯಾಂಡ್ ಪೇಪರನ್ನೋ ಅಲ್ಯೂಮಿನಿಯಂ ಹಾಳೆಯನ್ನೋ ಹತ್ತಾರು ಸಲ ಕತ್ತರಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅಂಚಿಗೆ ಅಂಟಿದ ಕೊಳೆ, ಮಡಿಚಿಕೊಂಡ ಸಣ್ಣ ಮುಳ್ಳು ಅದರಿಂದ ಹೋಗಬಹುದು, ಒಂದೆರಡು ವಾರ ಸುಧಾರಿಸಿದಂತೆಯೂ ತೋರಬಹುದು. ಕೂಡುವ ಗೆರೆಯೇ ತಪ್ಪಿದ್ದರೆ ಅದು ಹಿಂದಿರುಗಿ ಬರುವುದಿಲ್ಲ. ಒಂದು ಅಂಚನ್ನು ಉಜ್ಜಿದಷ್ಟೂ ಇನ್ನೊಂದರ ಜೊತೆ ಅದರ ಹೊಂದಾಣಿಕೆ ಕೆಡುತ್ತದೆ. ಸುವಾಡದಂಥವರು ತಮ್ಮ ಇಕ್ಕಳಗಳನ್ನು ಮರಳಿ ತರಿಸಿಕೊಂಡು ಹರಿತ ಮಾಡಿಕೊಡುತ್ತಾರೆ. ನಮ್ಮ ಪೇಟೆಯ ಕಟರಿಗೆ ಆ ಭಾಗ್ಯವಿಲ್ಲ. ಅದಕ್ಕೇ ಒಳ್ಳೆಯ ಕಟರಿನಿಂದ ತಂತಿ, ಪ್ಲಾಸ್ಟಿಕ್ ಪಟ್ಟಿ, ಹೊಸ ಬಟ್ಟೆಯ ಬೆಲೆಚೀಟಿಯ ದಾರ ಏನನ್ನೂ ಕತ್ತರಿಸಕೂಡದು. ಒಂದು ತಂತಿ ಸಾಕು, ಅಂಚಿನಲ್ಲಿ ಎಳ್ಳಿನಷ್ಟು ಹಲ್ಲು ಬಿದ್ದು, ಅಷ್ಟು ಜಾಗದಲ್ಲಿ ಪ್ರತಿ ಉಗುರಿಗೂ ಒಂದು ಮುಳ್ಳು ಉಳಿಸುತ್ತದೆ. ಆ ಕೆಲಸಗಳಿಗೆಲ್ಲ ಅಂಚು ಹೋದ ಹಳೆಯ ಕಟರನ್ನು ಸ್ಪ್ಯಾನರು, ಸ್ಕ್ರೂಡ್ರೈವರುಗಳ ಡಬ್ಬಿಗೆ ಹಾಕಿಡಿ.